ಮೂರನೆಯ ಸೀಟಿಯ ಕುರಿತು ಒಂದು ವಿನಮ್ರ ತಕರಾರು

ಖಡಕಿ, ಪುಣೆ
ಆಗಸ್ಟ್ ೨೦೦೯

ಮಾನ್ಯ ಆನ್‌ಲೈನ್ ಮನೋಚಿಕಿತ್ಸಾ ಕಾರ್ಯಕ್ರಮದವರೇ,

ಅಗ್ನಿಶಾಮಕ ದಳದ ಲೋಕನಾಥನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮಗೆ ಪಾದಗಳಿಲ್ಲವೆಂದು ತಿಳಿದು ಸೈಬರ್ ಕೆಫೆಯ ಕೀಲಿಮಣೆಗೇ ಕೈಮುಗಿದಿದ್ದೇನೆ. ತಾವು ಪ್ರತಿ ಸಲವೂ ನನ್ನನ್ನು 'ಪ್ರಿಯ ಬಳಕೆದಾರರೇ' ಎಂದು ಕರೆಯುತ್ತೀರಿ; ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಮನೆಯಲ್ಲಿ ನನ್ನನ್ನು ಯಾರೂ ಪ್ರಿಯ ಎಂದಿಲ್ಲವಾದ್ದರಿಂದ, ತಕರಾರಿಗೆ ಮುಂಚೆ ಅದಕ್ಕೊಂದು ಕೃತಜ್ಞತೆ ಹೇಳುವುದು ನನ್ನ ಧರ್ಮ.

ತಮ್ಮಲ್ಲಿಗೆ ನಾನು ನಾನಾಗಿಯೇ ಬಂದವನಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಗೆ ಬೆಂಕಿ ಬಿದ್ದು ನಾವು ನೆರವಿಗೆ ಹೋಗಿದ್ದಾಗ, ಒಂದು ಟಾಂಕಿಯ ವಾಲ್ವು ಮೂರು ಸಲ ಸೀಟಿ ಹೊಡೆದು ಸಿಡಿಯಿತು. ನನ್ನ ಮುಂದೆ ನೀರಿನ ಪೈಪು ಹಿಡಿದಿದ್ದ ಶಿವಪ್ಪ ಹೊರಗೆ ಬರಲಿಲ್ಲ, ನಾನು ಬಂದೆ. ಆಮೇಲೆ ನನ್ನ ನಿದ್ದೆಯೂ ಸೈರಣೆಯೂ ಹೋದದ್ದನ್ನು ಕಂಡ ನಮ್ಮ ಸಾಹೇಬರು ಪಂಢರಿನಾಥರು ನನ್ನ ಹೆಸರನ್ನು ಈ ಆರು ಪಾಠಗಳಿಗೆ ಬರೆಸಿದರು.

ಮೊದಲ ಪಾಠದಲ್ಲಿ ತಾವು ಕೇಳಿದ ಇಪ್ಪತ್ತು ಪ್ರಶ್ನೆಗಳಿಗೂ ನಾನು ಸೊನ್ನೆ, ಅಂದರೆ ತೊಂದರೆ ಏನೂ ಇಲ್ಲ, ಎಂದು ಒತ್ತಿದೆ. ತಪ್ಪು ನನ್ನದಲ್ಲ, ಇಪ್ಪತ್ತೆರಡು ವರ್ಷದಿಂದ ಬೆಳಗಿನ ಹಾಜರಿಯಲ್ಲಿ, ಕಾಲು ಮುರಿದಿದ್ದರೂ ಸರಿ, 'ಸಬ್ ಠೀಕ್' ಎಂದು ಕೂಗಿ ಅಭ್ಯಾಸವಾದ ಬಾಯಿ ನಮ್ಮದು. ತಾವೋ ಅದನ್ನು ನಂಬಿ, ನನ್ನಷ್ಟು ನೆಮ್ಮದಿಯ ಮನುಷ್ಯ ಅಪರೂಪವೆಂದು ಅಭಿನಂದನೆ ಕಳಿಸಿದಿರಿ! ನಂಬಿಕೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಸಾಹೇಬರು ಆ ಅಭಿನಂದನೆಯನ್ನು ಓದಿ, ನಕ್ಕು, ನನ್ನನ್ನು ಮತ್ತೆ ಮೊದಲ ಪಾಠಕ್ಕೇ ಕೂರಿಸಿದರು.

ಮೂರನೆಯ ಪಾಠದಲ್ಲಿ ಶಾಂತವಾದ ಕೋಣೆಯಲ್ಲಿ ಕಣ್ಣುಮುಚ್ಚಿ ಉಸಿರನ್ನು ಗಮನಿಸಲು ಅಪ್ಪಣೆಯಾಯಿತು. ಪಕ್ಕದ ಖಾನೆಯವರು ಕಂಪ್ಯೂಟರಿನಲ್ಲಿ ಗುಂಡು ಹಾರಿಸಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರೂ ನಾನು ಗಮನಿಸಿದೆ. ನಾಲ್ಕನೆಯದರಲ್ಲಿ ಘಟನೆಯನ್ನು ಬರೆಯಿರಿ ಎಂದದ್ದಕ್ಕೆ ಕರೆ ಬಂದ ಸಮಯ, ತಲುಪಿದ ಸಮಯ, ಪೈಪುಗಳ ಸಂಖ್ಯೆ, ಸುರಿದ ನೀರು, ಎಲ್ಲವನ್ನೂ ಒಂದೇ ಬೆರಳಿನಿಂದ ಒತ್ತಿ ವರದಿ ಸಲ್ಲಿಸಿದೆ. ತಾವು ಅದನ್ನು ತಿರುಗಿಸಿ ಕಳಿಸಿ, ಭಾವನೆಯನ್ನು ಇನ್ನೂರು ಅಕ್ಷರ ಮೀರದಂತೆ ಬರೆಯಲು ತಿಳಿಸಿದಿರಿ. ನಾನು 'ಶಿವಪ್ಪ' ಎಂದಷ್ಟೇ ಬರೆದೆ. ತೀರಾ ಚಿಕ್ಕದಾಯಿತೆಂದು ಕೆಂಪು ಅಕ್ಷರ ಬಂತು.

ಐದನೆಯ ಪಾಠ ನನ್ನ ಮಾನ ಕಳೆಯಿತು. ನಿಮಗಾಗಿ ಮನೆಯವರು ಏನೇನು ಬಿಟ್ಟುಕೊಟ್ಟಿದ್ದಾರೆ ಎಂದು ಕೇಳಿದಿರಿ. ಏನೂ ಇಲ್ಲ ಎಂದು ಬರೆಯುವ ಮುಂಚೆ, ಸಾಕ್ಷಿ ಇರಲೆಂದು, ಹೆಂಡತಿ ಇಂದೂಳನ್ನು ಕೇಳಿದೆ. ಅವಳು ಅಟ್ಟದ ಕಡೆ ಬೆರಳು ತೋರಿಸಿದಳು. ಅಲ್ಲಿ ಹಳೆಯ ದಿಂಬಿನ ಗವಸಿನೊಳಗೆ ಕುಕ್ಕರ್ ಇತ್ತು, ಹದಿನಾಲ್ಕು ತಿಂಗಳಿಂದ. "ಬೋಗಾಣ್ಯಾಗ ಮಾಡಿದ ಅನ್ನ ಭಾಳ ರುಚಿ ಆಗ್ತದ್ರಿ" ಎಂದು ಅವಳು ಪಕ್ಕದ ಮನೆಯ ಸುಲಭಾಬಾಯಿಗೆ ಹೇಳುವುದನ್ನು ಕೇಳಿ, ಹೌದೌದು ಎಂದು ತಲೆಯಾಡಿಸಿದ ಜಾಣ ನಾನೇ. ನಾಚಿಕೆಯಾಯಿತು, ಮಾನ್ಯರೇ. ಅದಕ್ಕೂ ತಮ್ಮಲ್ಲಿ ಒಂದು ಖಾನೆಯಿತ್ತು.

ಹೆದರಿಕೆಯ ಎದುರಿಗೆ ಸ್ವಲ್ಪಸ್ವಲ್ಪವೇ ನಿಲ್ಲಬೇಕೆಂಬ ತಮ್ಮ ಅಪ್ಪಣೆಯಂತೆ ಹೊಸ ರಬ್ಬರ್ ಹಾಕಿಸಿ ಭಾನುವಾರ ಬೇಳೆ ಇಟ್ಟೆವು. ಮೊದಲ ಸೀಟಿಗೆ ನಾನು ಬನಿಯನ್ನಿನಲ್ಲೇ ಬೀದಿ ಕೊನೆಯ ಪಾನ್ ಅಂಗಡಿಯ ಮುಂದಿದ್ದೆ; ಅರೆಬೆಂದ ಬೇಳೆಯನ್ನೇ ಇಬ್ಬರೂ ಉಂಡೆವು. ಎರಡನೆಯ ವಾರ ಎರಡು ಸೀಟಿಯವರೆಗೆ ಹೊಸ್ತಿಲಲ್ಲಿ ನಿಂತೆ. ಮೂರನೆಯ ವಾರ ಒಲೆಯ ಎದುರಿಗೇ ನಿಂತು ಧೈರ್ಯಕ್ಕೆಂದು ಇಂದೂಳ ಕೈ ಹಿಡಿದೆ. ಮೂರನೆಯ ಸೀಟಿ ಆಯಿತು. ನಡುಗಿದ್ದು ಅವಳ ಕೈ.

"ಆ ದಿನಾ ಫೋನ್ ಬಂದಾಗ ಕುಕ್ಕರ್ ಒಲಿ ಮ್ಯಾಲ ಇತ್ರಿ," ಎಂದಳು. "ಒಬ್ಬಾಂವ ಹೋದಾ ಅಂದ್ರು. ಯಾರಂತ ಹೇಳಲಿಲ್ಲ."

ಕುಕ್ಕರನ್ನು ಅವಳು ನನಗಾಗಿ ಬಿಟ್ಟದ್ದೆಂದು ನಾನು ತಮಗೆ ಬರೆದುಕೊಟ್ಟ ಉತ್ತರ ಅರ್ಧ ಸುಳ್ಳು; ದಯಮಾಡಿ ತಿದ್ದಿಕೊಳ್ಳಬೇಕು. ಆದರೆ ತಕರಾರು ಇಲ್ಲೇ ಇದೆ. ತಮ್ಮಲ್ಲಿ ಒಬ್ಬರಿಗೆ ಒಂದು ಹೆಸರು, ಒಂದು ಗುಪ್ತಪದ, ಅದೂ ಇಲಾಖೆಯ ಗುರುತಿನ ಸಂಖ್ಯೆ ಇದ್ದವರಿಗೆ ಮಾತ್ರ. ಇಂದೂಳ ಹೆಸರು ಬರೆಸಲು ಹೋದರೆ, ಸಾರ್ವಜನಿಕ ಸುರಕ್ಷತೆಯ ಸೇವೆಯಲ್ಲಿ ಎಷ್ಟು ವರ್ಷ ಎಂದು ಕೇಳಿ ಬಾಗಿಲು ಹಾಕಿದಿರಿ. ಹತ್ತೊಂಬತ್ತು ವರ್ಷ ಎಂದು ಬರೆದಿದ್ದೇನೆ. ನಾನು ಕರೆಗೆ ಹೋದಾಗಲೆಲ್ಲ ಅವಳೂ ಕಾದಿದ್ದಾಳೆ. ಸಂಖ್ಯೆ ಬೇಕಿದ್ದರೆ ನನ್ನದನ್ನೇ ಅವಳಿಗೆ ಕೊಡಿ. ಶಿವಪ್ಪನ ಮನೆಯವರಿಗೂ ಒಂದು ಬಾಗಿಲು ತೆರೆಯಲಾದರೆ ತಮ್ಮನ್ನು ಬಾಯ್ತುಂಬ ಹೊಗಳಿ ಇನ್ನೊಂದು ಪತ್ರ ಬರೆಯುತ್ತೇನೆ, ಇನ್ನೂರು ಅಕ್ಷರ ಮೀರದಂತೆ.

ಒಂದೇ ಗುಪ್ತಪದದ, ಆದರೆ ಇಬ್ಬರ ಪರವಾಗಿ, ತಮ್ಮ ವಿಶ್ವಾಸಿ,
ಲೋಕನಾಥ

ವಿ.ಸೂ.: ಏಳು ದಿನದಿಂದ ನಾನು ಬರಲಿಲ್ಲವೆಂದೂ ಚಿಕಿತ್ಸೆಯಲ್ಲಿ ಹಿಂದೆ ಬಿದ್ದಿದ್ದೇನೆಂದೂ ತಮ್ಮ ಎಚ್ಚರಿಕೆ ತಲುಪಿತು. ಈ ಏಳು ದಿನವೂ ನಮ್ಮ ಮನೆಯಲ್ಲಿ ಮೂರು ಮೂರು ಸೀಟಿ ಆಗಿವೆ. ಕೊನೆಯ ಸೀಟಿಗೆ ಒಲೆ ಆರಿಸುವವರು ಯಾರೆಂದು ಈಗ ದಿನವೂ ಜಗಳ. ಇದಕ್ಕೂ ತಮ್ಮಲ್ಲಿ ಪಾಠವಿದ್ದರೆ ದಯವಿಟ್ಟು ಕಳಿಸಬೇಡಿ.