ಗೌರಿಗೆ ನಾನು ಹಿಡಿದ ಟಾರ್ಚು

ತೊಂಬತ್ತರ ದಶಕದ ಗುಂಡ್ಲುಪೇಟೆಯಲ್ಲಿ ಮೂರು ಸೆಲ್ಲಿನ ಟಾರ್ಚು ಇಟ್ಟುಕೊಂಡವನಿಗೆ ಒಂದು ಗತ್ತಿತ್ತು. ನನಗೆ ಎರಡು ಗತ್ತು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬೇರೆ!

ತಮ್ಮನ ಮದುವೆ ಹತ್ತಿರದ ಹಳ್ಳಿ ಹಂಗಳದಲ್ಲಿ, ಹೆಣ್ಣಿನ ಮನೆ ಮುಂದೆ. ದಿಬ್ಬಣ ಹಿಂದಿನ ದಿನ ಮಧ್ಯಾಹ್ನವೇ ಹೊರಟಿತು. ಅಕ್ಕಸಾಲಿಗರು ತಾಳಿ ಕೊಡುವುದು ತಡವಾದ್ದರಿಂದ ಅದನ್ನು ತರುವ ಘನಕಾರ್ಯ ನನ್ನ ಪಾಲಿಗೆ ಬಂತು.

"ರೀ, ರಾತ್ರಿ ಊಟಕ್ಕೆ ಮುಂಚೆ ತಾಳಿ ದೇವರ ಮುಂದೆ ಇರಬೇಕು. ನಿಮ್ ಕೈಲಿ ಆಗುತ್ತಾ?" ಎಂದಳು ಹೆಂಡತಿ ಪಾರ್ವತಿ.

"ನನ್ನನ್ನ ಏನಂದ್ಕೊಂಡಿದ್ದೀಯೆ?"

ಅವಳು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ದಿಬ್ಬಣದ ವ್ಯಾನು ಹತ್ತಿದಳು.

ತಾಳಿ ಕೈಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಸಿಕ್ಕಿದ್ದು ಮಾದಯ್ಯನ ಜಟಕಾ, ಅವನ ಕುದುರೆ ಗೌರಿ. ಊರು ದಾಟುತ್ತಲೇ ಕತ್ತಲು ಕವಿಯಿತು. ಗಾಡಿಯಲ್ಲಿ ಒಂದು ಲಾಟೀನೂ ಇಲ್ಲ!

"ಕುದುರೆಗೆ ದಾರಿ ಕಾಣುತ್ತೇನಯ್ಯಾ?"

"ನಮ್ಗಿಂತ ಚೆಂದಾಗ್ ಕಾಣ್ತದೆ ಸಾ. ಸುಮ್ಗೆ ಕುಂತ್ಕಳಿ."

ವಿಜ್ಞಾನದ ಮೇಷ್ಟ್ರು ಸುಮ್ಮನೆ ಕೂರುವುದುಂಟೆ? ಕೆಳಗಿಳಿದು ಮುಂದೆ ಹೋಗಿ, ಗೌರಿಗೆ ಅನುಕೂಲವಾಗಲೆಂದು ನೇರವಾಗಿ ಅವಳ ಮುಖಕ್ಕೇ ಟಾರ್ಚು ಬಿಟ್ಟೆ. ಗೌರಿ ಗಕ್ಕನೆ ನಿಂತಳು.

"ಅಯ್ಯೋ, ಏನ್ ಮಾಡ್ಬುಟ್ರಿ ಸಾ! ಕಣ್ಗೆ ಬೆಳಕ್ ಬುಟ್ರೆ ಅದ್ಕೆ ಏನೂ ಕಾಣಕಿಲ್ಲ. ಆರ್ಸಿ!"

ಗಾಬರಿಯಿಂದ ಹಿಂದಕ್ಕೆ ಸರಿದೆ. ಹಿಂದೆ ಚರಂಡಿ ಇತ್ತು. ನಾನು ಬಿದ್ದೆ, ಟಾರ್ಚು ಒಡೆಯಿತು, ಜೇಬಿನಲ್ಲಿದ್ದ ತಾಳಿಯ ಡಬ್ಬಿ ಎಲ್ಲಿಗೋ ಹಾರಿತು!

ಚರಂಡಿಯಲ್ಲೆಲ್ಲ ತಡಕಾಡಿದೆ. ಮುಳ್ಳು, ಕೆಸರು, ಕಲ್ಲು ಎಲ್ಲವೂ ಕೈಗೆ ಸಿಕ್ಕವು, ಡಬ್ಬಿ ಸಿಗಲಿಲ್ಲ. ಅವ್ವನಿಗೆ ಏನು ಹೇಳಲಿ, ತಮ್ಮನಿಗೆ ಹೇಗೆ ಮುಖ ತೋರಿಸಲಿ? ನಿಜ ಹೇಳುತ್ತೇನೆ, ಅಳುವೇ ಬಂತು.

"ಒಂದ್ ಬೀಡಿ ಸೇದೋಗಂಟ ತಡ್ಕಳಿ. ಗೌರಿ ಕಣ್ಣು ಕತ್ಲೆಗೆ ಒಗ್ಗಬೇಕು, ಆಮೇಲ್ ಅದ್ರ ಕಣ್ಣಲ್ಲೇ ಹುಡ್ಕವ," ಎಂದ ಮಾದಯ್ಯ, ಅವಳಿಗೆ ಬೆನ್ನು ಮಾಡಿ ಉಳಿದಿದ್ದ ಒಂದೇ ಕಡ್ಡಿ ಗೀರಿದ.

ಬೀಡಿ ಮುಗಿಯಿತು. ಗೌರಿ ಹೆಜ್ಜೆ ಎತ್ತಿದಳು. ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಂತು, ತಲೆ ತಗ್ಗಿಸಿ ಬುಸ್ಸೆಂದಳು.

"ದಾರೀಲಿ ಏನೋ ಅದೆ ಅಂತದೆ, ನೋಡಿ ಸಾ."

ಬಗ್ಗಿ ನೆಲ ತಡವಿದೆ. ಅವಳ ಗೊರಸಿನ ಮುಂದೆಯೇ ಡಬ್ಬಿ! ಒಳಗೆ ತಾಳಿ ಭದ್ರವಾಗಿತ್ತು. ಗೌರಿಯ ಕತ್ತು ತಬ್ಬಿಕೊಂಡೆ.

ಊಟಕ್ಕೆ ಎಲೆ ಹಾಕುವ ಮುಂಚೆ ಹಂಗಳ ಮುಟ್ಟಿದೆವು. ಕೆಸರು ಮೆತ್ತಿಕೊಂಡು ಒಂಟಿ ಚಪ್ಪಲಿಯಲ್ಲಿ ಇಳಿದೆ. ಮಾದಯ್ಯ ಯಾರೂ ಕೇಳದೆಯೇ ಎಲ್ಲವನ್ನೂ ಒದರಿದ. ಪಾರ್ವತಿ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, "ಮೊದ್ಲು ಗೌರಿಗೆ ಹುರುಳಿ ಹಾಕಿ. ಇವ್ರು ಕಾಯ್ಲಿ!" ಎಂದಳು.

ಬೆಳಗ್ಗೆ ಮುಹೂರ್ತಕ್ಕೆ ಸರಿಯಾಗಿ ತಮ್ಮ ತಾಳಿ ಕಟ್ಟಿದ. ಅವ್ವನ ಹಟಕ್ಕೆ ಗೌರಿಯನ್ನೂ ನನ್ನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಅದು ಈಗಲೂ ನಮ್ಮ ಗೋಡೆಯ ಮೇಲಿದೆ. ಫ್ಲಾಶ್ ಬಿದ್ದರೂ ಗೌರಿ ಕಣ್ಣು ಬಿಟ್ಟುಕೊಂಡು ಗಂಭೀರವಾಗಿ ನಿಂತಿದ್ದಾಳೆ. ಕಣ್ಣು ಮುಚ್ಚಿಕೊಂಡಿರುವವನು ವಿಜ್ಞಾನದ ಮೇಷ್ಟ್ರು!