ಅತ್ತೆಯವರ ಹೆಬ್ಬೆರಳು ಮತ್ತು ನಮ್ಮ ಕಾರಿನ ನಡುಕ

ತನ್ನ ಕೈಯಲ್ಲಿ ಒಂದು ಕೆಲಸ ಆಗುವುದಿಲ್ಲ ಎಂದು ಒಪ್ಪಿಕೊಳ್ಳುವುದು ಗಂಡಸಿಗೆ ಕಷ್ಟ. ಅಳಿಯನಾದ ಗಂಡಸಿಗೆ ಇನ್ನೂ ಕಷ್ಟ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಅಳಿಯನಿಗಂತೂ ಸಾಧ್ಯವೇ ಇಲ್ಲ. ನಾನು ಈ ಮೂರೂ ಆಗಿರುವುದರಿಂದ ಮುಂದೆ ನಡೆದದ್ದನ್ನೆಲ್ಲ ಓದುಗರು ಸ್ವಲ್ಪ ದೊಡ್ಡ ಮನಸ್ಸು ಮಾಡಿ ಕೇಳಬೇಕು.

ನನ್ನ ಮನೆ ನಂಜನಗೂಡಿನಲ್ಲಿ, ಶಾಲೆ ನರಸೀಪುರದಲ್ಲಿ. ಎರಡರ ನಡುವೆ ಹನ್ನೆರಡು ವರ್ಷದಿಂದ ಓಡಾಡುತ್ತಿರುವ ನಮ್ಮ ಪುಟ್ಟ ಕಾರಿಗೆ ಈಚೆಗೆ ನಡುಕ ಶುರುವಾಗಿತ್ತು. ಓಡುವಾಗ ಅಷ್ಟಿಲ್ಲ, ನಿಂತರೆ ಸಾಕು, ಸ್ಟೀರಿಂಗು, ಸೀಟು, ಕನ್ನಡಿ, ಕನ್ನಡಿಯೊಳಗಿನ ನನ್ನ ಮುಖ ಎಲ್ಲವೂ ಗಡಗಡ. ‘ಇದ್ರಲ್ಲಿ ಮೊಸ್ರು ಇಟ್ಕೊಂಡು ಹೊರಟ್ರೆ ನರಸೀಪುರ ಸೇರೋ ಹೊತ್ಗೆ ಬೆಣ್ಣೆ ಬಂದಿರ್ತದೆ’ ಎಂದು ನನ್ನ ಹೆಂಡತಿ ಮಂಜುಳ ಹೇಳುತ್ತಿದ್ದಳು. ಮೆಕ್ಯಾನಿಕ್ ಬಾನೆಟ್ ಎತ್ತಿ ಎರಡೇ ಕ್ಷಣ ನೋಡಿ, ‘ಮೌಂಟಿಂಗ್ ಓಗವೆ ಸಾ’ ಎಂದ. ಇಂಜಿನ್ನು ಕಾರಿನ ಮೇಲೆ ನೇರವಾಗಿ ಕೂತಿರುವುದಿಲ್ಲ. ನಡುವೆ ರಬ್ಬರಿನ ಮೂರು ಮೆತ್ತೆಗಳಿರುತ್ತವೆ. ಅವು ಸವೆದರೆ ಇಂಜಿನ್ನಿನ ಅಲುಗಾಟವೆಲ್ಲ ಕಾರಿಗೆ, ಕಾರಿನಿಂದ ನಮ್ಮ ಸೊಂಟಕ್ಕೆ. ಹೊಸ ರಬ್ಬರ್ ತಂದುಕೊಟ್ಟರೆ ಹಾಕಿಕೊಡುತ್ತೇನೆ, ಆದರೆ ಬುಧವಾರವೇ ಬರಬೇಕು ಎಂದೂ ಹೇಳಿದ.

ಬುಧವಾರದವರೆಗೆ ಕಾಯುವಂತಿರಲಿಲ್ಲ. ಸೋಮವಾರ ನಮ್ಮ ಅತ್ತೆ ಗೌರಮ್ಮನವರಿಗೆ ಮೈಸೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ನು. ಒಂದು ಕಣ್ಣು ಆಗಲೇ ಪೂರಾ ಮಂಜು, ಇನ್ನೊಂದು ಅರ್ಧ. ಬರುವಾಗ ತಲೆ ಕುಲುಕಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ‘ಭಾವ, ನಿಮ್ ಕಾರು ಬ್ಯಾಡ, ನನ್ ದೊಡ್ ಕಾರ್ ಕಳುಸ್ತೀನಿ’ ಎಂದು ಬಾಮೈದ ಫೋನಿನಲ್ಲಿ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ‘ನಿಮ್ ಕಾರು’ ಎನ್ನುವಾಗ ಅವನು ಒಂದು ಚೂರು ನಿಲ್ಲಿಸಿದನಲ್ಲ, ಅದು ನನಗೆ ಚುಚ್ಚಿತು. ಅತ್ತೆಯನ್ನು ಕರೆದುಕೊಂಡು ಹೋಗಲೂ ಆಗದ ಅಳಿಯ ಎನ್ನಿಸಿಕೊಳ್ಳುವುದೇ? ‘ಬೇಡಪ್ಪ, ಭಾನುವಾರದೊಳಗೆ ನಾನೇ ರಿಪೇರಿ ಮಾಡ್ತೀನಿ’ ಎಂದುಬಿಟ್ಟೆ. ಮಂಜುಳ ಅಡುಗೆಮನೆಯಿಂದ ಇಣುಕಿ, ‘ನಮ್ಮವ್ವನ ಕಣ್ಣು ಕಣ್ರೀ, ನಿಮ್ ಲ್ಯಾಬ್ ಅಲ್ಲ’ ಎಂದಳು.

ಇಲ್ಲಿ ಅತ್ತೆಯವರ ಬಗ್ಗೆ ಎರಡು ಮಾತು. ಮಾವ ತೀರಿಕೊಂಡ ಮೇಲೆ ಅವರು ನರಸೀಪುರದಲ್ಲಿ ಮೂವತ್ತು ವರ್ಷ ಹಿಟ್ಟಿನ ಮಿಲ್ಲು ನಡೆಸಿದವರು. ಬೆಲ್ಟು ಹಾಕುವುದು, ಬೀಸುವ ಕಲ್ಲನ್ನು ಉಳಿಯಿಂದ ಕೊತ್ತುವುದು, ಮೋಟಾರು ಬಿಚ್ಚುವುದು ಎಲ್ಲ ಅವರದೇ ಕೈ. ಇಂಥ ಗಟ್ಟಿ ಹೆಂಗಸು ಅಳಿಯನ ಎದುರಿಗೆ ಮಾತ್ರ ಹಳೆಯ ಪದ್ಧತಿ. ತಲೆಯ ಮೇಲೆ ಸೆರಗು, ಬಾಗಿಲ ಮರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನ್ನೊಡನೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದರೂ, ‘ಮಂಜಿ, ಅಳೀಂದ್ರಿಗೆ ಇನ್ನೊಂದ್ ಮುದ್ದೆ ಇಕ್ಕವ್ವ’ ಎಂದೇ ಹೇಳುವುದು. ನಾನೂ ‘ಸಾಕು ಅಂತ ಹೇಳು’ ಎನ್ನುತ್ತಿದ್ದೆ. ಇಬ್ಬರ ಮಾತನ್ನೂ ಮಂಜುಳ ಒಪ್ಪಿಸಬೇಕಿಲ್ಲ, ಕೇಳಿಯೇ ಇರುತ್ತದೆ. ಆದರೂ ಪದ್ಧತಿ ಎಂದರೆ ಪದ್ಧತಿ.

ಭಾನುವಾರ ಬೆಳಿಗ್ಗೆ, ಅಂಗಡಿಯಿಂದ ಕೊಂಡು ತಂದ ಹೊಸ ರಬ್ಬರುಗಳನ್ನು ಪಕ್ಕಕ್ಕಿಟ್ಟುಕೊಂಡು, ಹತ್ತಿರದ ಕಳಲೆ ಊರಿನ ಸ್ನೇಹಿತನಿಂದ ತಂದ ದೊಡ್ಡ ಜಾಕನ್ನು ಇಂಜಿನ್ನಿಗೆ ಆನಿಸಿ, ಮಧ್ಯೆ ಹಲಗೆ ಕೊಟ್ಟು, ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಕೆಲಸಕ್ಕೆ ಕೂತೆ. ಆಪರೇಷನ್ನಿಗೆಂದು ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದ ಅತ್ತೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಹಳೆಯದನ್ನು ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ವಿಡಿಯೋದವನು ಹೇಳಿದ. ತೆಗೆದೆ. ಆಮೇಲೆ ನೋಡಿದರೆ ಅದರಲ್ಲಿ ನನ್ನ ಹೆಬ್ಬೆರಳು ಬಿಟ್ಟು ಬೇರೇನೂ ಇರಲಿಲ್ಲ. ಹಾಗೂ ಹೀಗೂ ಮೂರು ರಬ್ಬರನ್ನೂ ಬದಲಾಯಿಸಿ, ಬೋಲ್ಟುಗಳನ್ನು ಒಂದೊಂದಾಗಿ ಕೊನೆಯವರೆಗೂ ಬಿಗಿದು, ಮೈಯೆಲ್ಲ ಗ್ರೀಸು ಮಾಡಿಕೊಂಡು ಮಧ್ಯಾಹ್ನಕ್ಕೆ ಚಾವಿ ತಿರುಗಿಸಿದೆ.

ಅಯ್ಯೋ ಶಿವನೇ! ಹಿಂದಿನ ನಡುಕವೇ ಎಷ್ಟೋ ವಾಸಿ. ಈಗ ಕಾರಿನ ಜೊತೆ ನಮ್ಮ ಗೇಟೂ ನಡುಗಿತು. ಮಂಜುಳ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬಾಮೈದನಿಗೆ ಫೋನ್ ಮಾಡಬೇಕು, ‘ಕಳಿಸಪ್ಪ’ ಅನ್ನಬೇಕು ಎಂದುಕೊಂಡು ಗ್ರೀಸಿನ ಕೈಯಲ್ಲೇ ಫೋನ್ ಎತ್ತಿಕೊಂಡೆ.

ಅಷ್ಟರಲ್ಲಿ ಜಗುಲಿಯಿಂದ ದನಿ ಬಂತು. ‘ಮಂಜಿ, ಬಲಗಡೆ ಒಂದು ತಿರುಗಾ ಮುರುಗಾ ಕೂತದೆ ಕಣವ್ವ. ಸದ್ದು ಕೇಳುದ್ರೆ ಗೊತ್ತಾಯ್ತದೆ.’

‘ಎಲ್ಲ ಸರಿಯಾಗಿ ನೋಡೇ ಹಾಕಿದ್ದೀನಿ ಅಂತ ಹೇಳು’ ಎಂದೆ ನಾನು.

‘ಅಳೀಂದ್ರು ಸರ್ಯಾಗೇ ಆಕವ್ರೆ ಬುಡು. ಆ ರಬ್ಬರ್ರೇ ಸರ್ಯಾಗಿ ಕೂತಿಲ್ಲ’ ಎಂದರು ಅತ್ತೆ. ತಪ್ಪನ್ನು ರಬ್ಬರಿನ ತಲೆಗೆ ಕಟ್ಟಿ ನನ್ನ ಮಾನ ಉಳಿಸಿದ ಆ ದೊಡ್ಡತನವನ್ನು ನಾನು ಈವತ್ತಿಗೂ ಮರೆತಿಲ್ಲ.

ಇಂಜಿನ್ ಆರಿದ ಮೇಲೆ, ಮತ್ತೆ ಜಾಕ್ ಕೊಟ್ಟು ಬಲಗಡೆಯದನ್ನು ಬಿಚ್ಚಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದು, ಮಗಳ ಕೈಯಿಂದ ಆ ರಬ್ಬರ್ ಇಸಿದುಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದರು. ‘ಇಲ್ಲೊಂದು ಗುರ್ತದೆ ನೋಡವ್ವ, ಕೋಳಿ ಕಾಲಿನಂಗೆ.’ ಮಂಜುಳ ನೋಡಿದಳು. ಅಚ್ಚು ಹೊಯ್ದ ಬಾಣದ ಗುರುತು! ವಿಡಿಯೋ ಮತ್ತೆ ಹಾಕಿ ನೋಡಿದರೆ, ಅದರ ಮೊನೆ ಕಾರಿನ ಮುಂದಕ್ಕೆ ಇರಬೇಕಂತೆ, ನಾನು ಹಿಂದಕ್ಕೆ ಕೂರಿಸಿದ್ದೆ. ಟಾರ್ಚು ಬಿಟ್ಟುಕೊಂಡು, ಎರಡು ಕಣ್ಣೂ ಅರಳಿಸಿಕೊಂಡು ನೋಡಿದ ನನಗೆ ಕಾಣದ್ದು ಪೊರೆಗಣ್ಣಿನ ಹೆಂಗಸಿನ ಬೆರಳಿಗೆ ಸಿಕ್ಕಿತ್ತು. ನಾನು, ‘ಗುರುತು ತುಂಬಾ ಸಣ್ಣದು, ಯಾರಿಗೂ ಕಾಣಲ್ಲ ಅಂತ ಹೇಳು’ ಎಂದೆ. ‘ಊಂ, ಸಣ್ಣದೇ ಕಣವ್ವ’ ಎಂದರು ಅತ್ತೆ.

ಅಲ್ಲಿಂದ ಮುಂದೆ ಯಜಮಾನಿಕೆ ಅವರದು, ಸ್ಪ್ಯಾನರು ಮಾತ್ರ ನನ್ನದು. ‘ಎಲ್ಲಾ ಬೋಲ್ಟೂ ಸಡ್ಲವಾಗೇ ಇರ್ಲಿ ಅನ್ನವ್ವ. ಜಾಕ್ ತಗ್ದು, ಮಿಸಿನ್ನ ಭಾರ ಅದ್ರ ಮ್ಯಾಲೇ ಬುಟ್ಟು, ಒಸಿ ಅಲ್ಲಾಡ್ಸ್ಲಿ. ಅದ್ರ ಜಾಗ ಅದೇ ಇಡ್ಕತದೆ. ಆಮೇಲ್ ಬಿಗೀಲಿ. ಮೊದ್ಲೇ ಒಂದ್ನ ಬಿಗ್ದುಬುಟ್ರೆ ಮಿಕ್ಕವು ಮುನಿಸ್ಕತವೆ.’ ಕಂಪನದ ಪಾಠವನ್ನು ನಾನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಅಲೆಯ ಚಿತ್ರ ಬರೆದು ಹೇಳುತ್ತಿದ್ದೇನೆ. ಮಕ್ಕಳು ಆಕಳಿಸುತ್ತಾರೆ. ಅತ್ತೆ ನಾಲ್ಕು ಮಾತಿನಲ್ಲಿ ಮುಗಿಸಿದರು. ನನಗೆ ಆ ಹೊತ್ತಿನಲ್ಲಿ ನಿಜವಾಗಿ ಕೈಮುಗಿಯಬೇಕು ಅನ್ನಿಸಿತು, ಕೈಯಲ್ಲಿ ಸ್ಪ್ಯಾನರಿತ್ತು ಅಂತ ಸುಮ್ಮನಾದೆ.

ಅವರು ಹೇಳಿದಂತೆಯೇ ಬಿಗಿದು ಮತ್ತೆ ಚಾವಿ ತಿರುಗಿಸಿದೆ. ಅತ್ತೆ ಸ್ಟೀಲಿನ ಲೋಟದ ತುಂಬ ನೀರು ತರಿಸಿ ಬಾನೆಟ್ಟಿನ ಮೇಲೆ ಇಡಿಸಿದರು. ಮಿಲ್ಲಿನಲ್ಲಿ ಮೋಟಾರು ಸರಿಯಾಗಿ ಕೂತಿದೆಯೇ ಎಂದು ನೋಡಲು ಹೀಗೇ ಮಾಡುತ್ತಿದ್ದರಂತೆ. ನೀರಿನ ಅಂಚು ಸಣ್ಣಗೆ ನಡುಗಿತೇ ಹೊರತು ಒಂದು ಹನಿಯೂ ಚೆಲ್ಲಲಿಲ್ಲ. ಮಂಜುಳ ಆ ನೀರನ್ನು ಗಟಗಟ ಕುಡಿದು ಒಳಗೆ ಹೋದಳು.

ಸೋಮವಾರ ಆಪರೇಷನ್ ಚೆನ್ನಾಗಿ ಆಯಿತು. ವಾಪಸು ಬರುವಾಗ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಸೀಟಿಗೆ ತಲೆಯಾನಿಸಿ ನಂಜನಗೂಡು ಬರುವವರೆಗೂ ನಿದ್ದೆ ಹೊಡೆದರು. ಅವರ ಸಣ್ಣ ಗೊರಕೆ ಕೇಳಿ ನನಗಾದ ಸಂತೋಷ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ. ಶಾಲೆಯಲ್ಲಿ ಮಾತ್ರ, ‘ಮೌಂಟಿಂಗ್ ಎಲ್ಲ ನಾನೇ ಹಾಕಿದೆ’ ಎಂದು ಹೇಳಿದೆ. ಸುಳ್ಳೇನಲ್ಲ, ಹಾಕಿದವನು ನಾನೇ.

ತಿಂಗಳು ಕಳೆದು, ಅತ್ತೆಯವರನ್ನು ನರಸೀಪುರಕ್ಕೆ ಬಿಡಲು ಹೊರಟೆವು. ಅವರು ಹೊಸ ಕಣ್ಣಿನಿಂದ ಗದ್ದೆ, ಕೊಕ್ಕರೆ, ಬೋರ್ಡು ಎಲ್ಲವನ್ನೂ ಮಗಳಿಗೆ ತೋರಿಸುತ್ತಿದ್ದರು. ಇದ್ದಕ್ಕಿದ್ದಂತೆ ಹಿಂದಿನಿಂದ ಕೂಗಿದರು: ‘ಅಳೀಂದ್ರೇ! ಅಂಪು, ಅಂಪು!’

ಇಪ್ಪತ್ತೆರಡು ವರ್ಷದ ಮೇಲೆ ಅತ್ತೆ ನನ್ನನ್ನೇ ನೇರವಾಗಿ ಮಾತಾಡಿಸಿದ್ದರು! ಎದೆ ತುಂಬಿ ಬಂತು. ನಾನೂ ನೇರವಾಗಿಯೇ, ‘ಎಲ್ಲೀ ಅತ್ತೆ, ಯಾವ ಹಂಪೂ ಇಲ್ವಲ್ಲ’ ಎಂದೆ. ಎನ್ನುತ್ತಿದ್ದಂತೆ ಕಾರು ರಸ್ತೆಯುಬ್ಬಿನ ಮೇಲೆ ಧಡಾರೆಂದು ಹಾರಿ ಇಳಿಯಿತು.

ಇಂಜಿನ್ನು ಮೊದಲಿನಂತೆ ಹಾಯಾಗಿ ಓಡುತ್ತಿತ್ತು. ಅತ್ತೆ ಸೆರಗು ಸರಿಪಡಿಸಿಕೊಂಡು ಮತ್ತೆ ಪದ್ಧತಿಗೆ ಮರಳಿದರು. ‘ಮಂಜಿ, ಮೌಂಟಿಂಗು ಗಟ್ಟಿಯಾಗವೆ ಅನ್ನವ್ವ. ಅಂಗೇ ಅಳೀಂದ್ರು ಕಣ್ಣೂ ಒಂದ್ಸಲ ಡಾಕ್ಟ್ರಿಗೆ ತೋರ್ಸು.’

‘ಆಯ್ತು ಅಂತ ಹೇಳು’ ಎಂದೆ.

ಇದನ್ನು ಹೊಸ ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದೇನೆ. ಅಂದು ಬಿಚ್ಚಿದ ಹಳೆಯ ರಬ್ಬರ್ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಅದರ ಮೇಲೂ ಆ ಬಾಣವಿದೆ. ಸಣ್ಣದು, ಯಾರಿಗೂ ಕಾಣಲ್ಲ ಎಂದಿದ್ದೆನಲ್ಲ, ಅದು ನನ್ನ ಹೆಬ್ಬೆರಳಿನಷ್ಟು ದಪ್ಪವಾಗಿದೆ.