ಅಟ್ಟದ ಕೆಳಗಿನ ಮಹಾಯುದ್ಧ

"ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬೇಲೂರನ್ನು ಗೆಲ್ಲುತ್ತೇನೆ!" ಎಂದು ನಾನು ಉಪ್ಪಿಟ್ಟಿನ ತಟ್ಟೆಯ ಮುಂದೆ ಪ್ರತಿಜ್ಞೆ ಮಾಡಿದೆ. ಹಿಂದೆ ಹಳೇಬೀಡಿನ ಮೇಲೆ ದಂಡೆತ್ತಿ ಬಂದವರೂ ಇಷ್ಟು ಗಟ್ಟಿಯಾಗಿ ಕೂಗಿರಲಿಕ್ಕಿಲ್ಲ!

"ಬೇಲೂರು ಆಮೇಲೆ ಗೆಲ್ಲೀರಂತೆ, ಮೊದ್ಲು ಉಪ್ಪಿಟ್ಟು ಮುಗ್ಸಿ. ಆರೋಗ್ತಿದೆ" ಎಂದಳು ನನ್ನ ಹೆಂಡತಿ ಹೇಮಲತಾ.

ಬೇಲೂರು ಎಂದರೆ ಊರಲ್ಲ, ಹೇಮಲತಾಳ ತಂಗಿ ದಿವ್ಯಾ. ಅಲ್ಲಿನ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಡಂ. ನಾನು ಅರಸೀಕೆರೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟವನು. ನನ್ನ ಮದುವೆಯಾದ ಹೊಸದರಲ್ಲಿ 'ಕಪ್ಪುಕೋಟೆ' ಎಂಬ ಕಂಪ್ಯೂಟರ್ ಆಟ ಬಂದಿತ್ತು. ಗಣಿ ತೋಡಬೇಕು, ಕೋಟೆ ಕಟ್ಟಬೇಕು, ರಾಕ್ಷಸರ ಸೈನ್ಯ ಬೆಳೆಸಬೇಕು, ಎದುರಾಳಿಯ ಸಿಂಹಾಸನ ಮುರಿಯಬೇಕು. ಆಗ ಜಡೆ ಹಾಕಿಕೊಂಡು ಓಡಾಡುತ್ತಿದ್ದ ದಿವ್ಯಾಳಿಗೆ ಮೌಸ್ ಹಿಡಿಯಲು ಕಲಿಸಿದವನು ನಾನೇ! ಅಂದಿನಿಂದ ಇಂದಿನವರೆಗೆ ಅವಳೊಡನೆ ಎಷ್ಟು ಸಲ ಸೋತಿದ್ದೇನೆ ಎಂಬುದು ಇಲ್ಲಿ ಅಪ್ರಸ್ತುತ.

ಇಪ್ಪತ್ತು ವರ್ಷದ ಮೇಲೆ ಆ ಹಳೆಯ ಆಟಕ್ಕೆ ಮೊನ್ನೆ ಒಂದು ಎಕ್ಸ್‌ಪಾನ್ಷನ್ ಪ್ಯಾಕ್ ಬಂತು. ಹಳೇ ಮನೆಗೆ ಹೊಸ ಕೋಣೆ ಸೇರಿಸಿದ ಹಾಗೆ! ಹೊಸ ಕಾಡು, ಹೊಸ ಪಿಶಾಚಿಗಳು, ಎಲ್ಲಕ್ಕಿಂತ ಮಿಗಿಲಾಗಿ 'ಪ್ರಳಯದ ಕೊಂಬು'. ಕೀಬೋರ್ಡಿನ ಸ್ಪೇಸ್ ಬಾರ್ ಕುಟ್ಟಿದರೆ ಸಾಕು, ಕೊಂಬು ಮೊಳಗಿ, ಸೈನಿಕರಷ್ಟೇ ಅಲ್ಲ, ಸೌದೆ ಕಡಿಯುವ ಆಳುಗಳೂ ಕೊಡಲಿ ಎತ್ತಿಕೊಂಡು ಎದುರಾಳಿಯ ಕೋಟೆಗೆ ನುಗ್ಗುತ್ತಾರೆ. ನಮ್ಮ ಕೋಟೆ ಖಾಲಿ! ಮರ್ಯಾದಸ್ಥರು ಯಾರೂ ಅದನ್ನು ಮುಟ್ಟುವುದಿಲ್ಲ.

ನನ್ನ ಪ್ರತಿಜ್ಞೆಗೆ ಹೇಮಲತಾ ಒಂದು ಷರತ್ತು ಹಾಕಿದಳು. ಅವಳು ಬ್ಲೌಸ್ ಹೊಲಿಯುತ್ತಾಳೆ. ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುವ ಜಾಗ ಒಂದೇ, ಹಜಾರದ ಕಿಟಕಿ ಮೂಲೆ. ಅಲ್ಲಿ ನನ್ನ ಕಂಪ್ಯೂಟರ್ ಕೂತಿದೆ. ಅವಳ ಹೊಲಿಗೆ ಮಿಷನ್ನು ಅಡುಗೆಮನೆ ಬಾಗಿಲಲ್ಲಿ ಕತ್ತಲು ಕುಡಿಯುತ್ತಿದೆ.

"ನೀವು ಗೆದ್ರೆ ಮೂಲೆ ನಿಮ್ದು, ಇನ್ನು ಬಾಯಿ ಬಿಡಲ್ಲ. ಸೋತ್ರೆ ಕಂಪ್ಯೂಟರ್ ಕಟ್ಟಿ ಅಟ್ಟಕ್ಕೆ ಹಾಕ್ತೀನಿ."

"ಒಪ್ಪಿದೆ!" ಎಂದೆ.

ಯುದ್ಧಕ್ಕೆ ರಣವಾದ್ಯ ಬೇಡವೇ? ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಗೆಳೆಯ ತಮ್ಮಯ್ಯನಿಂದ ಮದುವೆಮನೆಯ ಬೇಸ್ ಬಾಕ್ಸ್ ಒಂದನ್ನು ತಂದೆ. ನೆಲದಲ್ಲಿಟ್ಟರೆ ಮಂಚ, ಕುರ್ಚಿಗಳಿಗೆ ಅಡ್ಡ. ಹಗ್ಗ ತಗೊಂಡು ಕಂಪ್ಯೂಟರಿನ ನೇರ ಮೇಲಿದ್ದ ಅಟ್ಟದ ತೊಲೆಗೆ ಬಿಗಿದೆ.

ನಮ್ಮ ಅಮ್ಮ ವಿಶಾಲಮ್ಮ ದೇವರಕೋಣೆಯಿಂದ ಓಡಿ ಬಂದರು. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ.

"ಅಯ್ಯೋ ಇಂದುಧರ! ಅಟ್ಟದ್ ಮೇಲೆ ಕಾಯಿ ಇದಾವೆ ಕಣೋ! ಹತ್ತು ತಿಂಗ್ಳಿಂದ ಒಂದು ಇಲೀನೂ ಓಡಾಡ್ದಂಗೆ ನೋಡ್ಕಂಡಿದೀನಿ!"

ಇದು ನಮ್ಮ ಸೀಮೆಯ ಸಂಗತಿ. ಸಿಪ್ಪೆ ಸಮೇತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಸುಮ್ಮನಿರಬೇಕು. ಹೆಚ್ಚುಕಡಿಮೆ ವರ್ಷ ಕಳೆಯುವಷ್ಟರಲ್ಲಿ ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪ ತಿಂಗಳಿಂದ "ಆಗೈತೆ, ಕೊಡವ್ವ" ಎನ್ನುತ್ತಿದ್ದ. ಅಮ್ಮ "ಇನ್ನೂ ಎರಡು ತಿಂಗ್ಳು" ಎಂದು ಅವನನ್ನು ಹೊಸಿಲು ದಾಟಿಸುತ್ತಿರಲಿಲ್ಲ.

"ಬರೀ ಸದ್ದು ಅಮ್ಮಾ, ಸದ್ದಿಗೇನು ತೂಕ ಇದೆಯಾ?" ಎಂದು ನಾನು ವಿಜ್ಞಾನ ಹೇಳಿದೆ.

ಭಾನುವಾರ ಹತ್ತಕ್ಕೆ ಸರಿಯಾಗಿ ಯುದ್ಧ ಶುರು! ಫೋನಿನಲ್ಲಿ ದಿವ್ಯಾ, "ಭಾವಾ, ಬೇಗ ಸೋಲಿ, ಪೇಪರ್ ತಿದ್ದೋದಿದೆ" ಎಂದು ಹರಸಿದಳು.

ನನ್ನ ಯುದ್ಧನೀತಿ ಸರಳ. ಸೈನ್ಯವನ್ನು ಕೂಡಿಹಾಕುವುದು, ಮತ್ತಷ್ಟು ಕೂಡಿಹಾಕುವುದು, ಹೊರಗೆ ಮಾತ್ರ ಬಿಡದಿರುವುದು. ಮುಕ್ಕಾಲು ಗಂಟೆಯಲ್ಲಿ ಕೋಟೆಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ರಾಕ್ಷಸರು. ದಿವ್ಯಾ ಅಷ್ಟರಲ್ಲಿ ನನ್ನ ಎರಡೂ ಗಣಿ ಕಸಿದುಕೊಂಡು, ಇಡೀ ಸೈನ್ಯವನ್ನು ಜೌಗಿನ ದಾರಿಯಲ್ಲಿ ಸುತ್ತಿಸಿ ತಂದು ನನ್ನ ಹಿಂಬಾಗಿಲು ಒಡೆಯುತ್ತಿದ್ದಳು. ನನ್ನ ಸೈನ್ಯವೆಲ್ಲ ಮುಂಬಾಗಿಲಲ್ಲಿ!

ಹೇಮಲತಾ ಸದ್ದಿಲ್ಲದೆ ಟೇಪು ತಂದು ನನ್ನ ಮೇಜಿನ ಅಳತೆ ತೆಗೆದುಕೊಳ್ಳತೊಡಗಿದಳು.

"ಇನ್ನೂ ಸೋತಿಲ್ಲ ಕಣೇ!"

"ಗೊತ್ತು. ಮಿಷನ್ನು ಹಿಡ್ಸುತ್ತಾ ನೋಡ್ತಿದೀನಿ ಅಷ್ಟೇ."

ಅಷ್ಟರಲ್ಲಿ ಹೊಸ ಪ್ಯಾಕಿನ ಮಹಾಪಿಶಾಚಿ ಘರ್ಜಿಸಿತು. ಬೇಸ್ ಬಾಕ್ಸು ನಡುಗಿತು, ತೊಲೆ ನಡುಗಿತು, ಅಟ್ಟದ ಮೇಲಿದ್ದ ಸಾವಿರ ಕಾಯಿಗಳೂ ಒಮ್ಮೆಲೇ ಗಡಗಡಗಡ ಎಂದವು! ಬೀದಿಯಲ್ಲಿ ಹೋಗುತ್ತಿದ್ದ ಕಲ್ಲೇಶಪ್ಪನ ಕಿವಿಗೆ ಅದು ಮಂಗಳವಾದ್ಯದಂತೆ ಕೇಳಿಸಿರಬೇಕು. ಚಪ್ಪಲಿ ಬಿಟ್ಟವನೇ ಒಳಗೆ ನುಗ್ಗಿದ.

"ಯವ್ವಾ, ಕೇಳುಸ್ತಾ? ಆಗೋಗೈತೆ! ಕಾಯಿಗಳೇ ಕೂಗ್ತಾ ಅವೆ!"

"ಅದು ಕಾಯಲ್ಲ, ನನ್ ಮಗನ ಪಿಶಾಚಿ!" ಎಂದರು ಅಮ್ಮ.

ಯಾರ ಪಿಶಾಚಿಯಾದರೇನು, ಕಲ್ಲೇಶಪ್ಪ ಆಗಲೇ ಏಣಿ ಹತ್ತಿ ಅಟ್ಟದ ಮೇಲೆ ಕೂತು, ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ. "ಇದೂ ಆಗೈತೆ... ಇದೂನೂವೆ..."

"ಕಲ್ಲೇಶಪ್ಪಾ, ಇಳಿಯೋ! ಯುದ್ಧ ನಡೀತಿದೆ!" ಎಂದು ಕಿರುಚಿದೆ.

ಪಿಶಾಚಿ ಎರಡನೇ ಸಲ ಘರ್ಜಿಸಿತು. ಕಲ್ಲೇಶಪ್ಪನ ಕಾಲಡಿ ಅಟ್ಟಕ್ಕೆ ಹಾಸಿದ್ದ ಬಿದಿರಿನ ದಬ್ಬೆ ಸರಿಯಿತು. ಅವನು ತೊಲೆ ಹಿಡಿದು ಉಳಿದುಕೊಂಡ; ಕಾಯಿಗಳಿಗೆ ಹಿಡಿಯಲು ಕೈಯೆಲ್ಲಿದೆ? ಒಂದು ಕಾಯಿ ನೀರಿನ ಬಿಂದಿಗೆಗೆ ಬಿತ್ತು, ಒಂದು ಉರುಳಿ ಬೀದಿಗೆ ಹೋಯಿತು. ಎರಡು ಕೈಯಲ್ಲೂ ತಲೆ ಮುಚ್ಚಿಕೊಂಡು ನಾನು ಮೇಜಿನ ಕೆಳಗೆ ಅವಿತೆ. ಮೂರನೆಯದು ಧೊಪ್ಪನೆ ಕೀಬೋರ್ಡಿನ ಮೇಲೆ ಬಿತ್ತು.

ಸ್ಪೇಸ್ ಬಾರ್! ಪ್ರಳಯದ ಕೊಂಬು ಮೊಳಗಿತು!

ಮೇಜಿನ ಕೆಳಗಿನಿಂದ ಕತ್ತು ಚಾಚಿ ನೋಡುತ್ತೇನೆ, ಮುಕ್ಕಾಲು ಗಂಟೆ ಕೂಡಿಹಾಕಿದ ನನ್ನ ರಾಕ್ಷಸರೆಲ್ಲ ಕಟ್ಟೆಯೊಡೆದ ನೀರಿನಂತೆ ಮುಂಬಾಗಿಲಿಂದ ಹೊರಬಿದ್ದಿದ್ದಾರೆ! ಆಳುಗಳು ಕೊಡಲಿ ಎತ್ತಿಕೊಂಡು ಹಿಂದೆ ಹಿಂದೆ! ದಿವ್ಯಾಳ ಸೈನ್ಯವೆಲ್ಲ ನನ್ನ ಹಿಂಬಾಗಿಲಲ್ಲಿ. ಅವಳ ಕೋಟೆಯಲ್ಲಿ ಕಾವಲಿಗೆ ಒಂದು ನರಪಿಳ್ಳೆಯೂ ಇಲ್ಲ. ನನ್ನ ಹಿಂಬಾಗಿಲು ಇನ್ನೂ ಮುರಿದಿರಲಿಲ್ಲ; ಅವಳ ಸೈನ್ಯ ಜೌಗು ದಾಟಿ ತಿರುಗಿ ಓಡಿಬರುವಷ್ಟರಲ್ಲಿ ಅವಳ ಸಿಂಹಾಸನ ಸೌದೆಯಾಗಿತ್ತು!

'ವಿಜಯ' ಎಂದು ಪರದೆಯ ಮೇಲೆ ಬಂಗಾರದ ಅಕ್ಷರ ಮೂಡಿತು. ಎದ್ದು ಕುಣಿದೆ! ಕಲ್ಲೇಶಪ್ಪನನ್ನು ಅಟ್ಟದಿಂದ ಇಳಿಸಿಕೊಂಡು ಅಪ್ಪಿ ಕುಣಿದೆ! ಅಮ್ಮ ಬಿದ್ದ ಕಾಯಿಯೊಂದನ್ನು ಸುಲಿಸಿ ಒಡೆಸಿದರು. ತೊಟ್ಟು ನೀರಿಲ್ಲ, ಗುಂಡಗೆ ಗಟ್ಟಿ ಕೊಬ್ಬರಿ. "ಆಗೈತೆ ಕಣಪ್ಪ, ತಗಂಡೋಗು" ಎಂದು ಅವರೂ ಒಪ್ಪಿದರು. ಹೇಮಲತಾ ಟೇಪು ಸುತ್ತಿಟ್ಟು, "ಮಾತು ಅಂದ್ರೆ ಮಾತು. ಮೂಲೆ ನಿಮ್ದೇ" ಎಂದಳು. ಅರಸೀಕೆರೆಯಲ್ಲಿ ಆ ಗಳಿಗೆ ನನಗಿಂತ ಸುಖಿ ಇನ್ನೊಬ್ಬನಿರಲಿಲ್ಲ.

ಅಷ್ಟರಲ್ಲಿ ದಿವ್ಯಾಳ ಫೋನು. ಸೋತವಳ ಅಳು ಮನೆಮಂದಿಗೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಭಾವಾ, ಸೋತೆ, ಒಪ್ಕೊಂಡೆ. ಆದ್ರೆ ನಿಜ ಹೇಳ್ಬಿಡಿ, ಮೊದಲ ಮುಕ್ಕಾಲು ಗಂಟೆ ಆಡಿದ್ದು ಯಾರು?"

"ಇನ್ಯಾರು? ನಾನೇ!"

"ಸುಳ್ಳು! ಅಷ್ಟು ಪೆದ್ದಾಗಿ ನೀವು ಆಡಲ್ಲ. ಆ ಕೊನೇ ಏಟು ಇದೆಯಲ್ಲ, ನನ್ನ ಕೋಟೆ ಖಾಲಿಯಾಗೋ ಗಳಿಗೆಗೇ ಕಾದು ಕೊಂಬು ಊದಿದ್ದು! ಅದೊಂದೇ ಭಾವಾ ನಿಮ್ಮ ತಲೆಯಿಂದ ಬಂದಿದ್ದು. ಎಂಥಾ ತಲೆ!"

ನಾನು ಗಂಟಲು ಸರಿಮಾಡಿಕೊಂಡು, ವಿನಯದಿಂದ ಆ ಹೊಗಳಿಕೆಯನ್ನು ಸ್ವೀಕರಿಸಲು ಬಾಯಿ ತೆರೆದೆ. ಹೇಮಲತಾ ಕೀಬೋರ್ಡಿನ ಮೇಲಿಂದ ಆ ಕಾಯಿ ಎತ್ತಿಕೊಂಡು ಫೋನಿನ ಹತ್ತಿರ ಬಂದಳು.

"ಹೌದು ಕಣೇ ದಿವ್ಯಾ, ಅದೇ ತಲೆ. ಇಲ್ಲೇ ನನ್ ಕೈಲಿದೆ, ಕೇಳುಸ್ಕೋ" ಎಂದು ಗಡಗಡ ಅಲ್ಲಾಡಿಸಿದಳು.